ಗಾಜಿನ ಮನೆಯ ಗೃಹಪ್ರವೇಶ

ದೊಡ್ಡಬಳ್ಳಾಪುರದಿಂದ ದೇವನಹಳ್ಳಿಯ ಕಡೆಗೆ ಹೋಗುವ ರಸ್ತೆಯ ಪಕ್ಕದಲ್ಲಿ ಈಗ ಪ್ಲಾಸ್ಟಿಕ್ ಹೊದಿಸಿದ ಗಿಡದ ಮನೆಗಳು ಎದ್ದಿವೆ. ತೋಟಗಾರಿಕೆ ಇಲಾಖೆಗೆ ಹೊಸದಾಗಿ ಸೇರಿದ ಹುಡುಗನೊಬ್ಬ ಮೊನ್ನೆ ನನ್ನನ್ನು ಅಂಥದ್ದೊಂದರೊಳಗೆ ಕರೆದುಕೊಂಡು ಹೋಗಿ, "ಸಾರ್, ನಿಮ್ಮ ಕಾಲದಲ್ಲಿ ಇಂಥದ್ದೆಲ್ಲ ಎಲ್ಲಿತ್ತು, ಅಲ್ವಾ?" ಎಂದು ಕನಿಕರಪಟ್ಟ. ನನ್ನ ಮೇಲೆ ಯಾರಾದರೂ ಕನಿಕರಪಟ್ಟರೆ ನನಗೆ ಮೈಯೆಲ್ಲ ಉರಿಯುತ್ತದೆ. ಇತ್ತಪ್ಪಾ, ಇತ್ತು. ಅದೂ ಪ್ಲಾಸ್ಟಿಕ್ಕಿನದಲ್ಲ, ಗಾಜಿನದು. ಕಟ್ಟಿದವರಲ್ಲಿ ನಾನೂ ಒಬ್ಬ. ಅದಕ್ಕೆ ಶಾಸ್ತ್ರೋಕ್ತವಾಗಿ ಗೃಹಪ್ರವೇಶವನ್ನೂ ಮಾಡಿಸಿದ್ದೆವು. ನಿಮ್ಮ ಪ್ಲಾಸ್ಟಿಕ್ಕಿಗೆ ಯಾರು ಮಾಡಿಸಿದ್ದಾರೆ?

ಆ ಸಿಟ್ಟಿಗೇ ಇದನ್ನು ಬರೆಯುತ್ತಿದ್ದೇನೆ ಎಂದರೂ ಸರಿಯೇ. ಯಾವ ವರ್ಷ ಯಾವ ಹುದ್ದೆಗೆ ಏರಿದೆ ಎಂಬ ಪುರಾಣ ಇದರಲ್ಲಿ ಇಲ್ಲ. ಅದನ್ನು ನನ್ನ ಹೆಂಡತಿಯೇ ಕೇಳಿಸಿಕೊಳ್ಳುವುದಿಲ್ಲ, ನಿಮಗೇಕೆ? ಕೆಲಸವೆಂದರೆ ಏನು, ಯಾರು ಯಾರಿಗಾಗಿ ಮಾಡುತ್ತಾರೆ, ಕೆಟ್ಟರೆ ಯಾಕೆ ಕೆಡುತ್ತದೆ ಎಂಬುದನ್ನು ನಾನು ಕಂಡಷ್ಟು ಹೇಳುತ್ತೇನೆ.

ನಾನು ಸಾಸಲಿನ ಒಕ್ಕಲು ಮನೆತನದವನು. ಎರಡನೆಯ ಮಹಾಯುದ್ಧ ನಡೆಯುತ್ತಿದ್ದಾಗ ದೊಡ್ಡಬಳ್ಳಾಪುರದ ಆಚೆಗಿದ್ದ ಸರ್ಕಾರಿ ಹಣ್ಣಿನ ತೋಟದಲ್ಲಿ ಫೀಲ್ಡ್‌ಮನ್ ಕೆಲಸಕ್ಕೆ ಸೇರಿದೆ. ಹೆಸರು ಕೇಳಲು ಚೆನ್ನಾಗಿದೆ, ಮೈಮೇಲೆ ಬರುವುದು ಮಾತ್ರ ಕೆಸರು. ನನ್ನ ಮೇಲಿನವರು ಸೂಪರಿಂಟೆಂಡೆಂಟ್ ನರಹರಿ ರಾಯರು. ಐವತ್ತಕ್ಕೆ ಹತ್ತಿರವಾದ ಬೆಂಗಳೂರಿನವರು, ಗಿಡದ ವಿಷಯದಲ್ಲಿ ಗಟ್ಟಿ ಮನುಷ್ಯ, ನಾಲಗೆ ಮಾತ್ರ ಬಲು ಹರಿತ. ಮೊದಲ ತಿಂಗಳಲ್ಲೇ ಅದರ ರುಚಿ ನೋಡಿದೆ. ನನಗೆ ಗೂಟಿ ಕಟ್ಟಲು ಹಚ್ಚಿದ್ದರು: ಕೊಂಬೆಯ ತೊಗಟೆಯನ್ನು ಸುತ್ತಲೂ ಕೆತ್ತಿ, ಮಣ್ಣು ಮೆತ್ತಿ, ಗೋಣಿ ಸುತ್ತಿ, ಬೇರು ಬಿಡುವವರೆಗೆ ನೀರು ಹಾಕುತ್ತಿರಬೇಕು. ನಾನು ಉತ್ಸಾಹದಲ್ಲಿ ಒಂದು ಸೀಬೆ ಮರದ ಒಣಗಿದ ಕೊಂಬೆಗಳಿಗೂ ಕಟ್ಟಿ ಭಕ್ತಿಯಿಂದ ನೀರು ಹಾಕುತ್ತಿದ್ದೆ. ರಾಯರು ಒಂದು ದಿನ ಬಂದು ನೋಡಿದರು.

"ಕೆಂಪಣ್ಣ, ಇದು ಸೌದೆ ಕಣಯ್ಯಾ. ಇದಕ್ಕೆ ಬೇಕಾಗಿರೋದು ನೀರಲ್ಲ, ಒಲೆ" ಎಂದು ಹೇಳಿ ಹೋದರು. ಮುಂದೆ ಒಂದು ವರ್ಷ ತೋಟದ ಆಳುಗಳೆಲ್ಲ ನನ್ನನ್ನು ಸೌದೆ ಕೆಂಪಣ್ಣ ಎಂದೇ ಕರೆದರು.

ರಾಯರಿಗೆ ಒಂದೇ ಒಂದು ಕೊರಗು. ಇಲಾಖೆಯ ಮೇಲಿನವರು ತಮ್ಮನ್ನು ಬೆಂಗಳೂರಿನಿಂದ ಕಿತ್ತು ಇಲ್ಲಿ ನೆಟ್ಟುಬಿಟ್ಟರು, ರಿಟೈರ್ ಆಗುವುದರೊಳಗೆ ಅಲ್ಲಿನ ದೊಡ್ಡ ತೋಟಕ್ಕೆ ಮರಳಬೇಕು. ಅವರ ಹೆಂಡತಿ ಸೀತಮ್ಮನವರಿಗೂ ಒಂದೇ ಒಂದು ಕೊರಗು: ಎಲ್ಲಿ ಮರಳಿಬಿಡುತ್ತೇವೋ ಎಂದು. ಬೆಂಗಳೂರಿನಲ್ಲಿ ಅವರದು ದೊಡ್ಡ ಮನೆ. ಅತ್ತೆ ಇನ್ನೂ ಗಟ್ಟಿಯಾಗಿದ್ದರು, ವಾರಗಿತ್ತಿಯರು ಮೂವರು, ಹಿರಿಯ ಸೊಸೆಯೆಂದು ಒಲೆಯ ಪಾಲು ಇವರಿಗೆ. ಮದುವೆಯಾಗಿ ಬಂದ ಮೇಲೆ ರಾಯರು ಊರೂರು ಸುತ್ತಿದರೂ ಇವರು ಆ ಒಲೆ ಬಿಟ್ಟು ಕದಲಿರಲಿಲ್ಲ. ಮಗಳ ಮದುವೆಯಾದ ಮೇಲೆ ಹಟ ಹಿಡಿದು ಗಂಡನ ಜೊತೆ ದೊಡ್ಡಬಳ್ಳಾಪುರದ ಕ್ವಾರ್ಟರ್ಸಿಗೆ ಬಂದಿದ್ದರು. ಎರಡು ಕೋಣೆ, ಒಂದು ಹಿತ್ತಿಲು, ಗೌರಿ ಎಂಬ ಒಂದು ಹಸು. ಅಮ್ಮನವರು ಅದರಲ್ಲಿ ಮಹಾರಾಣಿಯ ಹಾಗೆ ಓಡಾಡುತ್ತಿದ್ದರು.

ಯುದ್ಧ ಮುಗಿದ ವರ್ಷ ಡೈರೆಕ್ಟರ್ ಸಾಹೇಬರು ತೋಟ ನೋಡಲು ಬಂದವರು ಮಾತಿನ ಮಧ್ಯೆ, "ನಮ್ಮ ಮನೆಯಾಕೆಗೆ ಸ್ಟ್ರಾಬೆರಿ ಅಂದ್ರೆ ಪ್ರಾಣ ರೀ ರಾಯರೇ. ಈ ಸೀಮೇಲಿ ಅದನ್ನ ಬೆಳೆಸೋರು ಒಬ್ಬರು ಸಿಕ್ಕಿದ್ರೆ ನಾಳೆನೇ ಬೆಂಗಳೂರಿಗೆ ಹಾಕಿಸ್ಕೊಳ್ತೀನಿ" ಎಂದುಬಿಟ್ಟರು. ಸಾಹೇಬರು ತಮಾಷೆಗೆ ಹೇಳಿದರೋ ಏನೋ, ರಾಯರು ಅದನ್ನು ಸರ್ಕಾರದ ಆಜ್ಞೆಯೆಂದು ತಲೆಯ ಮೇಲಿಟ್ಟುಕೊಂಡರು. ಸ್ಟ್ರಾಬೆರಿ ಚಳಿ ದೇಶದ ಗಿಡ, ಚಳಿ ದೇಶದಲ್ಲಿ ಅದನ್ನು ಗಾಜಿನ ಮನೆಯಲ್ಲಿ ಬೆಳೆಸುತ್ತಾರೆ, ಆದ್ದರಿಂದ ನಾವೂ ಗಾಜಿನ ಮನೆ ಕಟ್ಟಬೇಕು ಎಂದು ತೀರ್ಮಾನವಾಯಿತು. ಅಲ್ಲಿ ಗಾಜಿನ ಮನೆ ಕಟ್ಟುವುದು ಚಳಿ ತಡೆಯಲು, ನಮ್ಮಲ್ಲಿ ತಡೆಯುವಂಥ ಚಳಿ ಎಲ್ಲಿದೆ ಎಂದು ಯಾರಿಗೂ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ. ಗಾಜಿನ ಮನೆ ಕಟ್ಟುತ್ತೇವೆಂಬ ಸಂಭ್ರಮದಲ್ಲಿ ನಮಗೆಲ್ಲ ತಲೆ ನಿಂತಿರಲಿಲ್ಲ.

ಇಲಾಖೆ ಗಾಜು ಕೊಡುವ ಹಾಗಿರಲಿಲ್ಲ. ಆದರೆ ಬೆಂಗಳೂರಿನ ಆಚೆ ಸಿಪಾಯಿಗಳಿಗೆಂದು ಹಾಕಿದ್ದ ಕ್ಯಾಂಪೊಂದನ್ನು ಆಗ ಬಿಚ್ಚುತ್ತಿದ್ದರು. ಅಲ್ಲಿಯ ಕಿಟಕಿಗಳು ಹರಾಜಿಗೆ ಬಂದವು. ಹಳೆಯ ಕಿಟಕಿಯನ್ನು ಹೊಸ ಮನೆಗೆ ಕೂಡಿಸುವುದು ನಮ್ಮ ಕಡೆ ಆಗಿಬರುವುದಿಲ್ಲ, ಹಾಗಾಗಿ ಕೂಗುವವರೇ ಇರಲಿಲ್ಲ. ರಾಯರು ಎರಡು ಎತ್ತಿನ ಗಾಡಿ ತುಂಬಿಸಿಕೊಂಡು ಬಂದರು.

ಇಳಿಸಿ ನೋಡಿದರೆ ಗಾಜೆಲ್ಲ ಕಪ್ಪು. ಜಪಾನಿನ ವಿಮಾನ ಬಂದಾವೆಂಬ ಭಯಕ್ಕೆ, ದೀಪ ಹೊರಗೆ ಕಾಣದಿರಲೆಂದು, ಯುದ್ಧದಲ್ಲಿ ಗಾಜಿಗೆ ಬಣ್ಣ ಬಳಿದಿದ್ದರು. ಎಂಥ ಬಣ್ಣವೋ ಮಹಾರಾಯ! ನಾವು ಸೀಮೆಎಣ್ಣೆ ಹಾಕಿದೆವು, ಇಟ್ಟಿಗೆ ಪುಡಿ ಹಾಕಿದೆವು, ತೆಂಗಿನ ಚಿಪ್ಪಿನಿಂದ ಕೆರೆದೆವು. ಆಳುಗಳ ಉಗುರೆಲ್ಲ ಕಪ್ಪಾಯಿತು. ರಾಯರು ಕುರ್ಚಿ ಹಾಕಿಕೊಂಡು ಕೂತು, ಬೆಳಕಿಗೆ ಎತ್ತಿ ಹಿಡಿದು, "ಇಲ್ಲಿ ಇನ್ನೂ ಇದೆ, ಇಲ್ಲಿ ಇನ್ನೂ ಇದೆ" ಎಂದು ಬೆರಳು ತೋರಿಸುತ್ತಿದ್ದರು. ಕಾರ್ತಿಕವೆಲ್ಲ ಅದರಲ್ಲೇ ಕಳೆಯಿತು.

ಕಟ್ಟಲು ಬಂದವನು ಬಡಗಿ ವೀರಾಚಾರಿ. ರಾಯರು ಅಳತೆ ಹಾಕಿ ಅಂದವಾದ ನಕ್ಷೆ ಬರೆದುಕೊಟ್ಟಿದ್ದರು. ಆಚಾರಿ ನಕ್ಷೆ ನೋಡಿದ, ಕಿಟಕಿಗಳ ರಾಶಿ ನೋಡಿದ, ಕಿವಿಯ ಮೇಲಿನ ಬೀಡಿ ತೆಗೆದು ಮತ್ತೆ ಅಲ್ಲೇ ಇಟ್ಟ.

"ಸ್ವಾಮಿ, ನಕ್ಷೇಲಿ ಎಲ್ಲಾ ಒಂದೇ ತಾಯಿ ಮಕ್ಕಳ ಹಂಗವ್ರೆ. ಇಲ್ಲಿ ನೋಡಿದ್ರೆ ಒಂದಕ್ಕೊಂದು ನೆಂಟಸ್ತನಾನೇ ಇಲ್ಲ."

ನಿಜವೇ. ಒಂದು ಒಳಕ್ಕೆ ತೆರೆದರೆ ಇನ್ನೊಂದು ಹೊರಕ್ಕೆ. ಒಂದು ಆಳುದ್ದ, ಇನ್ನೊಂದು ಮೊಳದುದ್ದ. ಒಂದಂತೂ ಬಚ್ಚಲಿನದು, ಹಾಲಿನ ಬಣ್ಣದ ಗಾಜು, ಹೊರಗಿದ್ದವರಿಗೆ ಒಳಗಿದ್ದವರು ಕಾಣರು. ಸೊಂಟದೆತ್ತರ ಮಣ್ಣಿನ ಗೋಡೆ ಎಬ್ಬಿಸಿ ಅದರ ಮೇಲೆ ಕಿಟಕಿ ಕೂಡಿಸಿದೆವು, ಮಾಡಿಗೂ ಕಿಟಕಿಗಳನ್ನೇ ಓರೆಯಾಗಿ ಜೋಡಿಸಿದೆವು, ಸಂದುಗಳಿಗೆ ಸೀಮೆಎಣ್ಣೆ ಡಬ್ಬದ ತಗಡು ಬಡಿದೆವು. ಬಚ್ಚಲಿನ ಕಿಟಕಿಯನ್ನು ಆಚಾರಿ ಬಾಗಿಲ ಪಕ್ಕದಲ್ಲೇ ಕೂಡಿಸಿದ. "ಗಿಡಕ್ಕೂ ಮಾನ ಮರ್ಯಾದೆ ಇರ್ತದೆ ಕಣಪ್ಪಾ" ಎಂದ. ಸಂಕ್ರಾಂತಿಯ ಹೊತ್ತಿಗೆ ಕ್ವಾರ್ಟರ್ಸಿನ ಹಿತ್ತಿಲಲ್ಲಿ ಒಂದು ಗಾಜಿನ ಮನೆ ನಿಂತಿತು. ಗಾಳಿ ಬೀಸಿದರೆ ಇಡೀ ಮನೆ ಹಲ್ಲು ಕಡಿಯುತ್ತಿತ್ತು. ಮಾಕಳಿದುರ್ಗದ ಕಡೆಯ ಕೋತಿಗಳು ಬಂದು ಗಾಜಿನಲ್ಲಿ ತಮ್ಮನ್ನೇ ನೋಡಿಕೊಂಡು ಹಲ್ಲು ಕಿರಿಯುತ್ತಿದ್ದವು.

ಅಮ್ಮನವರು ಮಾತ್ರ ಒಳಗೆ ಕಾಲಿಡಲಿಲ್ಲ. ಜಗುಲಿಯಲ್ಲಿ ನಿಂತೇ ಹೇಳಿದರು: "ಏನೂಂದ್ರೆ, ಯಾರ ಯಾರ ಮನೆ ಕಿಟಕಿಯೋ ಏನೋ. ಯುದ್ಧಕ್ಕೆ ಹೋದ ಮಕ್ಕಳು ಇದರ ಹಿಂದೆ ಕೂತು ಊರು ನೆನಸ್ಕೊಂಡಿರ್ತಾರೆ. ಎಷ್ಟು ಜನ ತಿರುಗಿ ಬಂದ್ರೋ, ಎಷ್ಟು ಜನ ಇಲ್ವೋ. ಶಾಂತಿ ಮಾಡಿಸ್ದೆ ಹಿತ್ತಿಲಲ್ಲಿ ನಿಲ್ಲಿಸ್ಕೊಂಡ್ರೆ ಏಳಿಗೆ ಆಗುತ್ಯೇ?"

"ಗಿಡ ಇಡೋ ಗೂಡಿಗೆ ಶಾಂತಿ ಮಾಡಿಸ್ತಾರೇನೇ? ನಾಳೆ ಕೋಳಿ ಗೂಡಿಗೆ ಸತ್ಯನಾರಾಯಣ ಪೂಜೆ ಮಾಡಿಸು ಅಂತೀಯ" ಎಂದು ರಾಯರು ನಕ್ಕುಬಿಟ್ಟರು.

ನೀಲಗಿರಿ ಕಡೆಯಿಂದ ಸ್ಟ್ರಾಬೆರಿ ಸಸಿ ಬಂತು. ನೆಲಕ್ಕಂಟಿಕೊಂಡು ಮೂರು ಮೂರು ಎಲೆ ಬಿಡುವ ಪುಟ್ಟ ಗಿಡ. ಆಚಾರಿ ಬಗ್ಗಿ ನೋಡಿ, "ಸ್ವಾಮಿ, ಇದನ್ನ ಬಸ್ಸಾರು ಮಾಡ್ತಾರಾ?" ಎಂದು ಕೇಳಿದ್ದಕ್ಕೆ ರಾಯರು ಆ ದಿನವೆಲ್ಲ ಅವನೊಂದಿಗೆ ಮಾತಾಡಲಿಲ್ಲ. ಶಿವರಾತ್ರಿ ಕಳೆದು ಬಿಸಿಲು ಏರಿತು. ನಾವು ಉಜ್ಜಿ ಉಜ್ಜಿ ಬೆಳಗಿದ್ದ ಗಾಜಿನಿಂದ ಬಿಸಿಲು ಧಾರಾಳವಾಗಿ ಒಳಗೆ ಬಂತು, ಹೊರಗೆ ಹೋಗಲು ದಾರಿ ಸಿಗಲಿಲ್ಲ. ಗಿಡ ಬಾಡಿತೆಂದು ನಾನು ಹೆಚ್ಚು ನೀರು ಹಾಕಿಸಿದೆ. ಒಳಗೆ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದ ಹಾಗೆ ಹಬೆ ಎದ್ದಿತು. ಯುಗಾದಿಯ ಹೊತ್ತಿಗೆ ಒಂದು ಗಿಡವೂ ಉಳಿಯಲಿಲ್ಲ, ಆಚಾರಿಯ ಬಸ್ಸಾರು ತಾನಾಗಿಯೇ ಆಗಿತ್ತು.

ರಾಯರು ಎರಡು ದಿನ ತಲೆಯ ಮೇಲೆ ಕೈ ಹೊತ್ತು ಕೂತರು. ಮೂರನೆಯ ದಿನ ಎದ್ದು, "ಕೆಂಪಣ್ಣ, ಗಾಜಿಗೆಲ್ಲ ಸುಣ್ಣ ಬಳಿಸು" ಎಂದರು. ನಾನು ಬೆಪ್ಪಾಗಿ ನೋಡಿದೆ. "ಬಿಸಿಲು ಅರ್ಧ ಬಂದ್ರೆ ಸಾಕು. ಅರ್ಧ ಕಪ್ಪು ಇದ್ದಾಗಲೇ ಸರಿಯಾಗಿತ್ತು. ಹಲ್ಲು ಬಿಡಬೇಡ, ಬಳಿಸು."

ತಿಂಗಳಿಡೀ ಕೆರೆದ ಗಾಜಿಗೆ ಅದೇ ಆಳುಗಳು ಸುಣ್ಣ ಬಳಿದರು. ಅವರು ಗೊಣಗಿದ ಮಾತುಗಳನ್ನು ಇಲ್ಲಿ ಬರೆಯುವ ಹಾಗಿಲ್ಲ. ಆದರೆ ಕೇಳಿ ಹುಡುಗರೇ, ಈಗ ನೀವು ನೆರಳಿನ ಬಲೆ ಎಂದು ಹಸಿರು ಪರದೆ ಕಟ್ಟುತ್ತೀರಲ್ಲ, ಅದರ ಕೆಲಸವನ್ನೇ ಆ ಸುಣ್ಣ ಮಾಡುತ್ತಿತ್ತು. ಕಂಡುಕೊಂಡವರು ರಾಯರು, ಅವರ ಪಾಲಿನ ಮೆಚ್ಚುಗೆ ಅವರಿಗೆ ಸಲ್ಲಬೇಕು.

ದಸರೆ ಕಳೆದ ಮೇಲೆ ಮತ್ತೆ ಸಸಿ ತರಿಸಿದರು. ಈ ಸಲ ಗಿಡ ನಕ್ಕಂತೆ ಬಂತು. ಪುಷ್ಯದಲ್ಲಿ ಬಿಳಿ ಹೂ, ಆಮೇಲೆ ಹಸಿರು ಕಾಯಿ. ರಾಯರು ಬೆಳಗ್ಗೆ ಕಾಫಿ ಲೋಟ ಹಿಡಿದುಕೊಂಡು ಗಾಜಿನ ಮನೆಗೇ ಹೋಗುತ್ತಿದ್ದರು. ಮಾಘದಲ್ಲಿ ಬಂದು ನೋಡುತ್ತೇನೆಂದು ಡೈರೆಕ್ಟರ್ ಸಾಹೇಬರು ಹೇಳಿ ಕಳಿಸಿದರು. ರಾಯರ ಮನಸ್ಸು ಆಗಲೇ ಬೆಂಗಳೂರು ತಲುಪಿ ಪೆಟ್ಟಿಗೆ ಬಿಚ್ಚುತ್ತಿತ್ತು.

ಒಂದು ದಿನ ನಾನು ಹಿತ್ತಿಲಲ್ಲಿ ಪಾತಿ ಕೆದಕುತ್ತಿದ್ದಾಗ ಅಮ್ಮನವರು ಬಂದು ನಿಂತರು.

"ಕೆಂಪಣ್ಣ, ಹಣ್ಣಾಗುತ್ತೇನೋ ಅದು?"

"ಇನ್ನು ಹತ್ತು ಹದಿನೈದು ದಿನ ಅಷ್ಟೇ ಅಮ್ಮಾವ್ರೆ. ಕೆಂಪಗೆ ತಿರುಗ್ತವೆ."

"ಹಣ್ಣಾದ್ರೆ ನಾನು ಮತ್ತೆ ಅತ್ತೆಯವರ ಒಲೆ ಮುಂದೆ." ಗಾಜಿನ ಮನೆಯ ಕಡೆ ನೋಡಿದರು. "ಅಲ್ಲಿ ಅಡುಗೆಮನೇಲಿ ಒಂದು ಕಿಟಕೀನೂ ಇಲ್ಲ ಕಣೋ. ಮಳೆ ಬಂದ್ರೂ ಗೊತ್ತಾಗಲ್ಲ. ಇವರು ಹೊರಗಡೆ ತಿರುಗೋ ಗಂಡಸು, ಇವರಿಗೆ ಏನು ತಿಳಿಯುತ್ತೆ? ಇಲ್ಲಿ ಬಂದ್ಮೇಲೆ ನಾನು ನನ್ನಿಷ್ಟಕ್ಕೆ ಒಂದು ಹಾಡು ಹೇಳ್ಕೊಂಡೆ."

ಗಿಡ ಚೆನ್ನಾಗಿ ಬರಲಿ ಎಂದು ನೀರು ಹಾಕುತ್ತಿದ್ದವನು ನಾನೇ. ತಲೆ ಬಗ್ಗಿಸಿ ಪಾತಿಯನ್ನು ಮತ್ತೆ ಕೆದಕಿದೆ.

ಅದೇ ವಾರ ಅಮ್ಮನವರು ಮತ್ತೆ ಶಾಂತಿಯ ಮಾತೆತ್ತಿದರು. "ಹೋದ ಸಲ ನನ್ನ ಮಾತು ಕೇಳ್ಲಿಲ್ಲ, ಏನಾಯ್ತು ನೋಡಿದ್ರಲ್ಲ. ಸಾಹೇಬರು ಬರೋಕೆ ಮುಂಚೆ ಒಂದು ಗೃಹಪ್ರವೇಶ ಅಂತ ಮಾಡ್ಸಿಬಿಡಿ. ಆಮೇಲೆ ಏನಾದ್ರೂ ಹೆಚ್ಚು ಕಡಿಮೆ ಆದ್ರೆ ನನ್ನ ಕೇಳ್ಬೇಡಿ."

ಈ ಸಲ ರಾಯರು ನಗಲಿಲ್ಲ. ಗಿಡದ ಶಾಸ್ತ್ರ ಓದಿದ ಮನುಷ್ಯನೇ, ಆದರೆ ಬೆಂಗಳೂರಿನ ಆಸೆ ದೊಡ್ಡದು. ಸಾಹೇಬರು ಬರುವುದಕ್ಕೆ ಎರಡು ದಿನ ಮುಂಚಿನ ಒಂದು ಮುಹೂರ್ತ ಇಡಿಸಿದರು. ಬಚ್ಚಲಿನ ಕಿಟಕಿಗೆ ಮಾವಿನ ತೋರಣ ಕಟ್ಟಿದ್ದನ್ನು ನಾನು ಈ ಕಣ್ಣಿನಿಂದ ನೋಡಿದ್ದೇನೆ.

ಅಂದು ಬೆಳಗಿನಿಂದ ಗೌರಿ ಒಂದೇ ಸಮನೆ ಕೂಗುತ್ತಿತ್ತು. ಕೊಟ್ಟಿಗೆಗೆ ಹೋಗಿ ನೋಡಿದರೆ ಗೊಂತಿನಲ್ಲಿ ಒಂದು ಕಡ್ಡಿ ಹುಲ್ಲಿಲ್ಲ. ಹಾಕಲು ಹೋದೆ. "ಬೇಡ, ಪೂಜೆ ಆಗೋವರೆಗೂ ನಾನೂ ಉಪವಾಸ, ಅದೂ ಉಪವಾಸ" ಎಂದರು ಅಮ್ಮನವರು. ಮುಖದಲ್ಲಿ ಅಂಥ ಭಕ್ತಿ! ನಾನು ಕೈಯಲ್ಲಿದ್ದ ಹುಲ್ಲನ್ನು ಅಲ್ಲೇ ಇಟ್ಟು ಬಂದೆ.

ಪುರೋಹಿತರು ಮಂತ್ರ ಹೇಳಿದರು. ಮೊದಲು ಗೋಮಾತೆ ಒಳಗೆ ಹೋಗಬೇಕು, ಅದರ ಹಿಂದೆ ಯಜಮಾನರು. ಅಮ್ಮನವರು ಗೌರಿಯ ಹಣೆಗೆ ಅರಿಶಿನ ಕುಂಕುಮ ಇಟ್ಟು, ಹಗ್ಗ ಹಿಡಿದು, ಗಾಜಿನ ಮನೆಯ ಬಾಗಿಲಿಗೆ ತಂದು ನಿಲ್ಲಿಸಿದರು. ಗೌರಿ ಒಳಗೆ ಕತ್ತು ಹಾಕಿ ನೋಡಿತು. ಆಮೇಲೆ ಯಾರೂ ಕರೆಯಬೇಕಾಗಲಿಲ್ಲ.

ಅದು ಮೇಯುತ್ತ ಮೊದಲನೆಯ ಪಾತಿಯ ತುದಿ ಮುಟ್ಟುವವರೆಗೆ ನಮಗೆ ಏನಾಗುತ್ತಿದೆ ಎಂದೇ ತಿಳಿಯಲಿಲ್ಲ. "ಅಯ್ಯಯ್ಯೋ, ಹಿಡೀರೋ!" ಎಂದು ಆಚಾರಿ ಕೂಗಿದ. ನಾನು ನುಗ್ಗಲು ಹೋದೆ.

"ಹೊಡೀಬೇಡಿ! ಎಳೀಬೇಡಿ!" ಎಂದರು ಅಮ್ಮನವರು. ಹಗ್ಗವನ್ನು ಸಡಿಲ ಬಿಟ್ಟಿದ್ದರು. "ಪ್ರವೇಶಕ್ಕೆ ಬಂದ ಹಸು ತಾನಾಗೇ ಹೊರಗೆ ಬರ್ಬೇಕು. ಅಲ್ವೇ ಜೋಯಿಸರೇ?"

ಪುರೋಹಿತರು ಏನೂ ಅರಿಯದ ಸಾಧು ಮನುಷ್ಯ. "ಹೌದೌದು. ಬಲವಂತ ಮಾಡಕೂಡದು. ಎಷ್ಟು ತಿಂದರೆ ಅಷ್ಟು ಶ್ರೇಯಸ್ಸು" ಎಂದು ಕೈ ಮುಗಿದರು. ಅವರು ಮುಗಿದ ಮೇಲೆ ಎಲ್ಲರೂ ಮುಗಿದರು. ಮಡಿ ಪಂಚೆ, ಶಲ್ಯ ಹೊದ್ದಿದ್ದ ರಾಯರೂ ಮುಗಿದರು. ಹೂವು, ಎಲೆ, ಕೆಂಪೇರುತ್ತಿದ್ದ ಹಣ್ಣು, ಎಲ್ಲವನ್ನೂ ಗೌರಿ ಸಾವಕಾಶವಾಗಿ, ಒಂದು ಪಾತಿಯಾದ ಮೇಲೆ ಇನ್ನೊಂದು ಪಾತಿಯಂತೆ ಮುಗಿಸಿತು. ನಾವು ಸಾಲಾಗಿ ನಿಂತು ನಮಸ್ಕಾರ ಮಾಡುತ್ತಲೇ ಇದ್ದೆವು. ಕೊನೆಗೆ ತಿರುಗಲು ಜಾಗ ಸಾಲದೆ ಗೊರಸಿನಿಂದ ಬೇರನ್ನೂ ತುಳಿದು, ಬಾಗಿಲಲ್ಲಿ ಸಗಣಿ ಹಾಕಿ ಹೊರಗೆ ಬಂತು. "ಶುಭ, ಶುಭ" ಎಂದರು ಪುರೋಹಿತರು.

ನನಗೆ ನಗು ತಡೆಯುವುದೇ ಕಷ್ಟವಾಯಿತು. ಆದರೆ ರಾಯರ ಮುಖ ನೋಡಿ ನಗು ಇಳಿದುಹೋಯಿತು. ಅವರು ಯಾರನ್ನೂ ಬೈಯಲಿಲ್ಲ. ಅಂಥ ಹರಿತ ನಾಲಗೆಯ ಮನುಷ್ಯ ಸೀದಾ ಹಾಲು ಉಕ್ಕಿಸಲು ಹೋಗಿ ಕೂತರು.

ಎರಡು ದಿನ ಬಿಟ್ಟು ಡೈರೆಕ್ಟರ್ ಸಾಹೇಬರು ಹ್ಯಾಟು ಹಾಕಿಕೊಂಡು ಬಂದರು.

"ಎಲ್ರೀ ನಿಮ್ಮ ಸ್ಟ್ರಾಬೆರಿ?"

"ಹಸು ತಿಂತು ಸಾರ್."

"ಅಷ್ಟನ್ನೂ? ನೀವೇನು ಮಾಡ್ತಿದ್ರಿ?"

"ಕೈ ಮುಗಿದುಕೊಂಡು ನಿಂತಿದ್ದೆ ಸಾರ್. ಗೃಹಪ್ರವೇಶ ನಡೀತಿತ್ತು."

ಸಾಹೇಬರು ಸಿಡಿದೇಳುತ್ತಾರೆಂದು ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಅವರು ನೋಡಿದರೆ ಹ್ಯಾಟು ತೆಗೆದು ಕಂಕುಳಲ್ಲಿಟ್ಟುಕೊಂಡು, "ಗೋಗ್ರಾಸ ಆಯ್ತು ಅಂದ್ಕೊಳ್ಳಿ ಬಿಡಿ" ಎಂದುಬಿಟ್ಟರು. ಅಮ್ಮನವರು ಬಡಿಸಿದ ಹುಳಿ ಹಪ್ಪಳಗಳನ್ನು ಹೊಗಳಿ, ಕಾರು ಹತ್ತುವಾಗ, "ನಿಮ್ಮಂಥವರು ಇಲ್ಲೇ ಬೇಕು ರಾಯರೇ" ಎಂದು ಬೆನ್ನು ತಟ್ಟಿದರು. ನಮ್ಮ ಇಲಾಖೆಯಲ್ಲಿ ಶಿಕ್ಷೆಯನ್ನೂ ಹೊಗಳಿಕೆಯನ್ನೂ ಒಂದೇ ಮಾತಿನಲ್ಲಿ ಹೇಳುವ ಪದ್ಧತಿ ಆಗಲೇ ಇತ್ತು. ಆ ವರ್ಷ ಬೆಂಗಳೂರಿನ ಜಾಗಕ್ಕೆ ಹೊಸಕೋಟೆ ಕಡೆಯವರೊಬ್ಬರು ಹೋದರು. ಅವರು ತೋರಿಸಿದ್ದು ಒಂದು ಹೂಕೋಸು.

ಗಾಜಿನ ಮನೆಯನ್ನು ಸುಮ್ಮನೆ ಬಿಡಬಾರದೆಂದು ನಾವು ಗೂಟಿಯಿಂದ ಇಳಿಸಿದ ಸೀಬೆ, ದಾಳಿಂಬೆ ಸಸಿಗಳನ್ನು ಒಳಗಿಟ್ಟೆವು. ಸುಣ್ಣದ ನೆರಳಲ್ಲಿ ಅವು ಎಷ್ಟು ಚೆನ್ನಾಗಿ ಚೇತರಿಸಿಕೊಂಡವೆಂದರೆ ತ್ಯಾಮಗೊಂಡ್ಲಿನವರೂ ಗಾಡಿ ಕಟ್ಟಿಕೊಂಡು ಸಸಿಗೆ ಬರುತ್ತಿದ್ದರು. ಬಚ್ಚಲ ಕಿಟಕಿಯ ಪಕ್ಕದ ಹಲಗೆ ಮಾತ್ರ ಅಮ್ಮನವರ ಸಂಡಿಗೆಗೆ. ಕಾಗೆಯ ಕಾಟ ಇಲ್ಲವೆಂದು ಅವರಿಗೆ ಆ ಮನೆಯ ಮೇಲೆ ಈಗ ಎಲ್ಲಿಲ್ಲದ ಪ್ರೀತಿ.

ಮೂರು ವರ್ಷ ಹೀಗೇ ಕಳೆದು ರಾಯರು ರಿಟೈರ್ ಆದರು. ಬೆಂಗಳೂರಿಗೆ ಹೋಗುತ್ತಾರೆಂದೇ ನಾವೆಲ್ಲ ಎಣಿಸಿದ್ದೆವು. ಅವರು ದೊಡ್ಡಬಳ್ಳಾಪುರದಲ್ಲೇ ಒಂದು ಸಣ್ಣ ಮನೆ ಕಟ್ಟಿಸಿದರು. ಹೊಸದಾಗಿ ಬಂದ ಸೂಪರಿಂಟೆಂಡೆಂಟರು ಗಾಜಿನ ಮನೆ ನೋಡಿ ಮೂಗು ಮುರಿದು ಕೀಳಿಸಿದಾಗ, ಅಮ್ಮನವರು ಹೇಳಿ ಕಳಿಸಿ ಬಚ್ಚಲಿನ ಆ ಕಿಟಕಿಯನ್ನು ತಮ್ಮ ಅಡುಗೆಮನೆಗೆ ಹಾಕಿಸಿಕೊಂಡರು. ಯಾರ ಮನೆ ಕಿಟಕಿಯೋ ಎಂಬ ಭಯ ಎಲ್ಲಿ ಹೋಯಿತೋ! ಕೇಳಿದ್ದಕ್ಕೆ, "ಅದಕ್ಕೆ ಶಾಂತಿ ಆಗಿದೆಯಲ್ಲೋ" ಎಂದರು.

ಆ ಮನೆಯ ಗೃಹಪ್ರವೇಶಕ್ಕೆ ನಾನು ಹೋಗಿದ್ದೆ. ಮತ್ತೆ ಅದೇ ಗೌರಿ, ಈಗ ಸ್ವಲ್ಪ ಮುದಿಯಾಗಿತ್ತು. ಬಾಗಿಲಿಗೆ ಕಟ್ಟಿದ ಬಾಳೆಕಂದನ್ನು ಮೂಸಿಯೂ ನೋಡದೆ ಒಳಗೆ ಹೋಗಿ ಹಿತ್ತಿಲಿಂದ ಹೊರಗೆ ಬಂತು. ನಾನೂ ರಾಯರೂ ಜಗುಲಿಯಲ್ಲಿ ಕೂತಿದ್ದೆವು.

"ಗೌರಿಗೆ ವಯಸ್ಸಾದ್ಮೇಲೆ ಬುದ್ಧಿ ಬಂದೈತೆ ಸ್ವಾಮಿ" ಎಂದೆ.

"ಬುದ್ಧಿಯೂ ಇಲ್ಲ ಮಣ್ಣೂ ಇಲ್ಲ. ನಿನ್ನೆ ಸಂಜೆ ಹೊಟ್ಟೆ ತುಂಬ ಮೇವು ಹಾಕಿದಾಳೆ ಕಣಯ್ಯಾ. ಆವತ್ತು ಹಾಕಿರಲಿಲ್ಲ."

ನಾನು ಅವರ ಮುಖ ನೋಡಿದೆ. "ನಿಮಗೆ ಗೊತ್ತಿತ್ತಾ ಸ್ವಾಮಿ?"

"ಅದರ ಹಿಂದಿನ ಸಂಜೆ ಕೊಟ್ಟಿಗೆಗೆ ಹೋಗಿದ್ದೆ. ಗೊಂತು ಖಾಲಿ. ಯಾಕೆ ಅಂತ ತಿಳಿಯೋಕೆ ಒಂದು ಗಳಿಗೆ ಹಿಡೀತು. ಹುಲ್ಲಿನ ಕಂತೆ ಕೈಗೆ ತಗೊಂಡೆ. ಅಷ್ಟರಲ್ಲಿ ಒಳಗೆ ಅವಳು ಏನೋ ಹಾಡು ಹೇಳ್ಕೋತಿದ್ಳು. ಬೆಂಗಳೂರಿನ ಮನೇಲಿ ಒಂದು ದಿನಾನೂ ನಾನು ಅವಳ ಹಾಡು ಕೇಳಿರ್ಲಿಲ್ಲ ಕಣಯ್ಯಾ, ಅವಳಿಗೆ ಹಾಡೋಕೆ ಬರುತ್ತೆ ಅಂತಲೇ ಗೊತ್ತಿರ್ಲಿಲ್ಲ." ರಾಯರು ಶಲ್ಯದಿಂದ ಮುಖ ಒರೆಸಿಕೊಂಡರು. "ಕಂತೆ ಎಲ್ಲಿತ್ತೋ ಅಲ್ಲೇ ಇಟ್ಟು ಬಂದೆ."

ಬಾಗಿಲ ಕಡೆ ಒಮ್ಮೆ ನೋಡಿ ರಾಯರು ದನಿ ತಗ್ಗಿಸಿದರು.

"ಅವಳಿಗೆ ಹೇಳ್ಬೇಡ. ನನ್ನ ಗೆದ್ದೆ ಅಂತ ಖುಷಿಯಾಗಿದಾಳೆ."

ಈಗ ಇಬ್ಬರೂ ಇಲ್ಲ, ಅದಕ್ಕೇ ಹೇಳುತ್ತಿದ್ದೇನೆ. ಅಂದು ಈ ಮಾತು ಮುಗಿಯುವ ಹೊತ್ತಿಗೆ ಒಳಗೆ ಎಲೆ ಹಾಕಿದ್ದರು. ಕ್ವಾರ್ಟರ್ಸಿನಲ್ಲಿದ್ದಷ್ಟು ಕಾಲವೂ ನನ್ನ ಎಲೆ ಜಗುಲಿಯಲ್ಲೇ ಬೀಳುತ್ತಿತ್ತು. ಅತ್ತೆಯವರು ಎಂದಾದರೂ ಬಂದಾರು, ಯಾರಾದರೂ ಅವರಿಗೆ ಚಾಡಿ ಹೇಳಿಯಾರು ಎಂಬ ಅಂಜಿಕೆ ಅಮ್ಮನವರಿಗೆ. ಅದು ಆ ಕಾಲದ ರೀತಿ, ನಾನೂ ತಪ್ಪು ತಿಳಿದಿರಲಿಲ್ಲ. ಅಂದೂ ಅಭ್ಯಾಸದಂತೆ ಜಗುಲಿಯ ಮೂಲೆಗೆ ಸರಿದು ಕಾಲು ಮಡಚಿ ಕೂತೆ. ಅಮ್ಮನವರು ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದರು.

"ಅಲ್ಲೇನೋ ಮಾಡ್ತೀಯ ಕೆಂಪಣ್ಣ? ಒಳಗೆ ಬಾ, ಕಿಟಕಿ ಹತ್ರ ಎಲೆ ಹಾಕಿದೀನಿ. ಇದು ನನ್ನ ಮನೆ."

ನಾನು ಕಾಲು ತೊಳೆದುಕೊಂಡು ಒಳಗೆ ಹೋದೆ.